ಕೊಲೆಸ್ಟೆರಾಲ್ ಇಳಿಸುವ ಔಷಧಗಳೂ ಮುದಿಪ್ರಾಣಿಗಳ ಜ್ಞಾಪಕಶಕ್ತಿಯೂ

ಕೊಲೆಸ್ಟೆರಾಲ್ ಎಂಬ ಹೆಸರು ಇಂದು ವೈದ್ಯರಿಗೆ ಮಾತ್ರ ಪರಿಚಿತವಾದುದಾಗಿ ಉಳಿದಿಲ್ಲ. ನಡುವಯಸ್ಸನ್ನು ದಾಟಿದವರು ತಮ್ಮ ರಕ್ತಪರೀಕ್ಷೆಯ ವರದಿಯಲ್ಲಿ ಮೊದಲು ಹುಡುಕುವುದು ಅದರ ಅಂಕಿಯನ್ನೇ. ಆ ಅಂಕಿಯನ್ನು ಇಳಿಸುವ ಸಲುವಾಗಿ ಲೋಕದಲ್ಲಿ ಕೋಟ್ಯಂತರ ಜನರು ಸ್ಟ್ಯಾಟಿನ್ ಎಂಬ ವರ್ಗದ ಮಾತ್ರೆಗಳನ್ನು ದಿನವೂ ಸೇವಿಸುತ್ತಿದ್ದಾರೆ. ಒಮ್ಮೆ ಹೃದಯಾಘಾತವಾದವರಲ್ಲಿ ಅದು ಮರುಕಳಿಸದಂತೆ ತಡೆಯುವುದರಲ್ಲಿ ಇವುಗಳ ಪ್ರಯೋಜನ ಸಂದೇಹಕ್ಕೆ ಎಡೆಯಿಲ್ಲದಂತೆ ಸಿದ್ಧಪಟ್ಟಿದೆ. ಆದರೆ ಜ್ಞಾಪಕಶಕ್ತಿಯ ವಿಷಯಕ್ಕೆ ಬಂದಾಗ ಈ ಔಷಧಗಳನ್ನು ಕುರಿತು ಪರಸ್ಪರ ವಿರುದ್ಧವಾದ ಎರಡು ಮಾತುಗಳು ಹರಡಿವೆ. ಇವು ಮುಪ್ಪಿನಲ್ಲಿ ಮರೆವನ್ನು ತರುತ್ತವೆ ಎಂಬುದು ಒಂದು. ಮರೆವಿನ ರೋಗವನ್ನು ತಡೆಯುತ್ತವೆ ಎಂಬುದು ಇನ್ನೊಂದು. ಮೊದಲನೆಯದನ್ನು ನಂಬಿ ಮಾತ್ರೆಯನ್ನು ಬಿಟ್ಟುಬಿಟ್ಟವರು ಹೃದಯಕ್ಕೆ ಕೇಡನ್ನು ತಂದುಕೊಳ್ಳಬಹುದು. ಎರಡನೆಯದನ್ನು ನಂಬಿದವರು ದೊರೆಯದ ಫಲಕ್ಕಾಗಿ ಕಾದು ಕುಳಿತಿರಬಹುದು. ಎರಡು ಪಕ್ಷದವರೂ ಪ್ರಾಣಿಗಳ ಮೇಲೆ ನಡೆದ ಪ್ರಯೋಗಗಳನ್ನೇ ಸಾಕ್ಷಿಯಾಗಿ ಮುಂದಿಡುತ್ತಾರೆ. ಒಂದೇ ಪ್ರಶ್ನೆಗೆ ಪ್ರಯೋಗಶಾಲೆಗಳಿಂದ ಇಷ್ಟು ಭಿನ್ನವಾದ ಉತ್ತರಗಳು ಬರಲು ಕಾರಣವೇನು, ಅವುಗಳಿಂದ ಏನನ್ನು ಕಲಿಯಬಹುದು, ಏನನ್ನು ಕಲಿಯಲಾಗದು ಎಂಬುದನ್ನು ಇಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

ಕೊಲೆಸ್ಟೆರಾಲ್ ವಿಷವಲ್ಲ

ಈ ವಸ್ತು ಮೊದಲು ದೊರೆತದ್ದು ಪಿತ್ತಕೋಶದ ಕಲ್ಲುಗಳಲ್ಲಿ. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಷೆವ್ರಲ್ ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಇದಕ್ಕೆ ಕೊಟ್ಟ ಹೆಸರು ಪಿತ್ತ, ಘನ ಎಂಬ ಅರ್ಥದ ಎರಡು ಗ್ರೀಕ್ ಪದಗಳಿಂದ ಕೂಡಿದುದು. ಹೆಸರು ರೋಗದ ಕಡೆಯಿಂದ ಬಂದಿದ್ದರೂ ವಸ್ತು ಮಾತ್ರ ಜೀವಕ್ಕೆ ಅತ್ಯಾವಶ್ಯಕವಾದುದು. ಪ್ರಾಣಿದೇಹದ ಪ್ರತಿಯೊಂದು ಜೀವಕೋಶದ ಪೊರೆಗೂ ತಕ್ಕ ಬಿಗಿಯನ್ನು ಕೊಡುವುದು ಇದೇ. ಪಿತ್ತರಸದ ಆಮ್ಲಗಳೂ, ಲೈಂಗಿಕ ಹಾರ್ಮೋನುಗಳೂ, ಡಿ ಜೀವಸತ್ವವೂ ದೇಹದಲ್ಲಿ ಹುಟ್ಟುವುದು ಇದರಿಂದಲೇ ಅಥವಾ ಇದರ ತಯಾರಿಕೆಯ ಹಾದಿಯಲ್ಲಿ ದೊರೆಯುವ ವಸ್ತುವಿನಿಂದ.

ಇದಕ್ಕೆ ಅಪಕೀರ್ತಿ ಬಂದದ್ದು ರಕ್ತನಾಳಗಳ ಮೂಲಕ. ೧೯೧೩ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಅನಿಚ್ಕೋವ್ ಎಂಬ ತರುಣ ವಿಜ್ಞಾನಿ ಮೊಲಗಳಿಗೆ ಎಣ್ಣೆಯಲ್ಲಿ ಕರಗಿಸಿದ ಶುದ್ಧ ಕೊಲೆಸ್ಟೆರಾಲನ್ನು ಉಣಿಸಿ, ಅವುಗಳ ಅಪಧಮನಿಗಳ ಒಳಗೋಡೆಯಲ್ಲಿ ಜಿಡ್ಡು ಕಟ್ಟುವುದನ್ನು ತೋರಿಸಿದನು. ಅದೇ ಆಹಾರವನ್ನು ಕೊಟ್ಟ ಇಲಿಗಳಲ್ಲಿ ಅಂತಹ ವಿಕಾರ ಕಾಣಿಸಲಿಲ್ಲ. ಮೊಲ ಸಸ್ಯಾಹಾರಿ, ತನ್ನ ಸಹಜಾಹಾರದಲ್ಲಿಲ್ಲದ ಈ ವಸ್ತುವನ್ನು ಬೇಗ ವಿಲೇವಾರಿ ಮಾಡುವ ಶಕ್ತಿ ಅದಕ್ಕಿಲ್ಲ. ಇಲಿಯ ಯಕೃತ್ತು ಇದನ್ನು ಪಿತ್ತಾಮ್ಲಗಳನ್ನಾಗಿ ಪರಿವರ್ತಿಸಿ ಹೊರಹಾಕುವುದರಲ್ಲಿ ಬಹು ಚುರುಕಾದುದು. ಪ್ರಯೋಗಕ್ಕೆ ಆರಿಸಿಕೊಂಡ ಪ್ರಾಣಿಯೇ ಉತ್ತರವನ್ನು ಬದಲಿಸಬಲ್ಲುದೆಂಬ ಈ ಪಾಠವನ್ನು ವಾಚಕರು ನೆನಪಿನಲ್ಲಿಡಬೇಕು. ಇದು ಮುಂದೆ ಮತ್ತೆ ಮತ್ತೆ ಎದುರಾಗುತ್ತದೆ.

ಔಷಧದ ಹುಟ್ಟು

ದೇಹದ ಕೊಲೆಸ್ಟೆರಾಲಿನ ಬಹುಭಾಗ ಆಹಾರದಿಂದ ಬರುವುದಲ್ಲ, ದೇಹವೇ ತಯಾರಿಸಿಕೊಳ್ಳುವುದು. ಈ ತಯಾರಿಕೆ ಹಲವು ಹಂತಗಳಲ್ಲಿ ನಡೆಯುತ್ತದೆ. ಅವುಗಳಲ್ಲಿ ಎಚ್‌ಎಂಜಿ–ಕೋಎ ರಿಡಕ್ಟೇಸ್ ಎಂಬ ಕಿಣ್ವವು ನಡೆಸುವ ಹಂತ ಕಾಲುವೆಯ ತೂಬಿನಂತಿದೆ: ಅದನ್ನು ಇಳಿಸಿದರೆ ಕೆಳಗಿನ ಹರಿವೆಲ್ಲ ಕುಗ್ಗುತ್ತದೆ. ಜಪಾನಿನ ಅಕಿರಾ ಎಂಡೊ ಈ ಕಿಣ್ವವನ್ನು ತಡೆಯುವ ವಸ್ತುವಿಗಾಗಿ ೧೯೭೧ರಲ್ಲಿ ಬೂಷ್ಟುಗಳ ಶೋಧನೆಗೆ ತೊಡಗಿದರು. ಸುಮಾರು ೬,೦೦೦ ಬಗೆಯ ಸೂಕ್ಷ್ಮಜೀವಿಗಳನ್ನು ಪರೀಕ್ಷಿಸಿದ ಮೇಲೆ ೧೯೭೩ರಲ್ಲಿ ಪೆನಿಸಿಲಿಯಂ ಸಿಟ್ರಿನಮ್ ಎಂಬ ಬೂಷ್ಟಿನಲ್ಲಿ ಅವರಿಗೆ ಬೇಕಾದುದು ಸಿಕ್ಕಿತು. ಆ ಬೂಷ್ಟು ಬಂದದ್ದು ಕ್ಯೋಟೊ ನಗರದ ಧಾನ್ಯದಂಗಡಿಯೊಂದರ ಅಕ್ಕಿಯಿಂದ. ಹೀಗೆ ದೊರೆತ ಕಾಂಪ್ಯಾಕ್ಟಿನ್ ಎಂಬುದೇ ಸ್ಟ್ಯಾಟಿನ್ ವರ್ಗದ ಆದಿ.

ಆದರೆ ಎಂಡೊ ಅವರು ಕಾಂಪ್ಯಾಕ್ಟಿನನ್ನು ಇಲಿಗಳಿಗೆ ಕೊಟ್ಟಾಗ ಅವುಗಳ ರಕ್ತದ ಕೊಲೆಸ್ಟೆರಾಲ್ ಇಳಿಯಲಿಲ್ಲ. ಔಷಧ ಕಿಣ್ವವನ್ನು ತಡೆದ ಕೂಡಲೇ ಇಲಿಯ ಯಕೃತ್ತು ಅದೇ ಕಿಣ್ವವನ್ನು ಹಲವು ಪಟ್ಟು ಹೆಚ್ಚಾಗಿ ತಯಾರಿಸಿ ಕೊರತೆಯನ್ನು ತುಂಬಿಕೊಳ್ಳುತ್ತಿತ್ತು. ಶೋಧನೆ ಅಲ್ಲಿಗೇ ನಿಲ್ಲುವ ಸಂಭವವಿತ್ತು. ೧೯೭೬ರಲ್ಲಿ ಮೊಟ್ಟೆಯಿಡುವ ಕೋಳಿಗಳಿಗೆ ಅದನ್ನು ಕೊಟ್ಟು ನೋಡಿದಾಗ ಕೊಲೆಸ್ಟೆರಾಲ್ ಗಣನೀಯವಾಗಿ ಇಳಿಯಿತು; ಅನಂತರ ನಾಯಿಗಳಲ್ಲಿಯೂ ಇಳಿಯಿತು. ಅಮೆರಿಕದಲ್ಲಿ ಲೋವಸ್ಟ್ಯಾಟಿನ್ ಎಂಬ ಸೋದರವಸ್ತು ೧೯೮೭ರಲ್ಲಿ ಔಷಧವಾಗಿ ಅನುಮತಿ ಪಡೆಯಿತು. ಸಿಮ್ವಸ್ಟ್ಯಾಟಿನ್, ಪ್ರವಸ್ಟ್ಯಾಟಿನ್, ಅಟೊರ್ವಸ್ಟ್ಯಾಟಿನ್, ರೊಸುವಸ್ಟ್ಯಾಟಿನ್ ಮೊದಲಾದವು ಅದನ್ನು ಹಿಂಬಾಲಿಸಿದವು. ಯಕೃತ್ತಿನಲ್ಲಿ ತಯಾರಿಕೆ ಕುಗ್ಗಿದಾಗ ಅದು ರಕ್ತದಲ್ಲಿರುವ ಕೊಲೆಸ್ಟೆರಾಲನ್ನು ಹೆಚ್ಚಾಗಿ ಸೆಳೆದುಕೊಳ್ಳುತ್ತದೆ; ರಕ್ತದ ಅಂಕಿ ಇಳಿಯುವುದು ಮುಖ್ಯವಾಗಿ ಈ ಸೆಳೆತದಿಂದ. ಇದರ ಮರ್ಮವನ್ನು ಬಿಡಿಸಿದ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಅವರಿಗೆ ೧೯೮೫ರ ನೊಬೆಲ್ ಪಾರಿತೋಷಕ ಸಂದಿತು.

ಒಂದೇ ಮನೆಯ ಎರಡು ಕಣಜ

ಈಗ ಮಿದುಳಿನ ಕಡೆಗೆ ತಿರುಗೋಣ. ಮನುಷ್ಯನ ಮಿದುಳಿನ ತೂಕ ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು ಮಾತ್ರ. ಆದರೆ ದೇಹದಲ್ಲಿರುವ ಕೊಲೆಸ್ಟೆರಾಲಿನಲ್ಲಿ ಐದರಲ್ಲೊಂದರಿಂದ ನಾಲ್ಕರಲ್ಲೊಂದು ಪಾಲು ಅಲ್ಲಿದೆ. ಅದರ ಬಹುಭಾಗ ನರತಂತುಗಳನ್ನು ಸುತ್ತಿರುವ ಮಯಲಿನ್ ಎಂಬ ಹೊದಿಕೆಯಲ್ಲಿದೆ. ಉಳಿದುದು ನರಕೋಶಗಳ ಮತ್ತು ಅವಕ್ಕೆ ಆಧಾರವಾದ ಇತರ ಕೋಶಗಳ ಪೊರೆಗಳಲ್ಲಿದೆ.

ಮುಖ್ಯವಾದ ಸಂಗತಿಯೆಂದರೆ, ರಕ್ತದಲ್ಲಿ ಹರಿಯುವ ಕೊಲೆಸ್ಟೆರಾಲ್ ಮಿದುಳಿನೊಳಕ್ಕೆ ಹೋಗಲಾರದು. ಮಿದುಳಿನ ಸೂಕ್ಷ್ಮ ರಕ್ತನಾಳಗಳ ಗೋಡೆ ಅದನ್ನು ತಡೆಯುತ್ತದೆ. ಆದಕಾರಣ ಮಿದುಳು ತನಗೆ ಬೇಕಾದುದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಒಂದೇ ಮನೆಯಲ್ಲಿ ಎರಡು ಕಣಜಗಳಿದ್ದು, ಒಂದರ ಧಾನ್ಯವನ್ನು ಇನ್ನೊಂದಕ್ಕೆ ಸುರಿಯಲಾಗದಿದ್ದರೆ ಹೇಗೋ ಹಾಗೆ. ರಕ್ತದ ಕಣಜ ಬರಿದಾದುದರಿಂದ ಮಿದುಳಿನ ಕಣಜವೂ ಬರಿದಾಯಿತೆಂದು ಹೇಳುವಂತಿಲ್ಲ. ಅದು ತುಂಬಿದುದರಿಂದ ಇದೂ ತುಂಬಿತೆಂದು ಹೇಳುವಂತಿಲ್ಲ.

ಪ್ರಾಯಕ್ಕೆ ಬಂದ ಪ್ರಾಣಿಯಲ್ಲಿ ಈ ತಯಾರಿಕೆಯ ಹೊಣೆ ಬಹುಮಟ್ಟಿಗೆ ಆಸ್ಟ್ರೊಸೈಟ್ ಎಂಬ ತಾರಾಕೃತಿಯ ಪೋಷಕ ಕೋಶಗಳದು. ನರಕೋಶಗಳು ಅವುಗಳಿಂದ ಕೊಲೆಸ್ಟೆರಾಲನ್ನು ಪಡೆಯುತ್ತವೆ. ಹಾಗೆ ಪಡೆದ ಕೊಲೆಸ್ಟೆರಾಲಿನಿಂದ ನರಕೋಶಗಳ ನಡುವಣ ಸಂಧಿಗಳ ಸಂಖ್ಯೆ ಹೆಚ್ಚುವುದೆಂದು ೨೦೦೧ರಲ್ಲಿ ಫ್ರೀಗರ್ ಮತ್ತು ಅವರ ಸಂಗಡಿಗರು ತೋರಿಸಿದರು. ಹೆಚ್ಚಾದುದನ್ನು ಹೊರಹಾಕಲು ನರಕೋಶಗಳಲ್ಲಿ ೨೪–ಹೈಡ್ರಾಕ್ಸಿಲೇಸ್ ಎಂಬ ಬೇರೊಂದು ಕಿಣ್ವವಿದೆ. ಅದು ಕೊಲೆಸ್ಟೆರಾಲಿನ ಅಣುವನ್ನು ಸ್ವಲ್ಪ ಮಾರ್ಪಡಿಸಿ ತಡೆಯನ್ನು ದಾಟಿ ರಕ್ತಕ್ಕೆ ಹೋಗುವಂತೆ ಮಾಡುತ್ತದೆ. ಹೀಗೆ ಮಿದುಳಿನ ಕಣಜಕ್ಕೆ ತನ್ನದೇ ಆದ ಆಯವೂ ವ್ಯಯವೂ ಇವೆ.

ಹಾಗಾದರೆ ಸ್ಟ್ಯಾಟಿನ್ ಮಿದುಳನ್ನು ಮುಟ್ಟುವುದೇ? ಇದಕ್ಕೆ ಒಂದೇ ಉತ್ತರವಿಲ್ಲ. ಸಿಮ್ವಸ್ಟ್ಯಾಟಿನ್, ಲೋವಸ್ಟ್ಯಾಟಿನ್‌ಗಳು ಕೊಬ್ಬಿನಲ್ಲಿ ಕರಗುವಂಥವು. ತಡೆಯನ್ನು ಹೆಚ್ಚು ಸುಲಭವಾಗಿ ದಾಟುತ್ತವೆ. ಪ್ರವಸ್ಟ್ಯಾಟಿನ್, ರೊಸುವಸ್ಟ್ಯಾಟಿನ್‌ಗಳು ನೀರಿನಲ್ಲಿ ಕರಗುವಂಥವು. ಅವು ದಾಟುವುದು ಕಷ್ಟ. ಇದರ ಜೊತೆಗೆ ಇನ್ನೊಂದು ತೊಡಕಿದೆ. ಮೇಲೆ ಹೇಳಿದ ತೂಬಿನ ಕೆಳಗೆ ಕಾಲುವೆ ಕವಲೊಡೆಯುತ್ತದೆ. ಒಂದು ಕವಲು ಕೊಲೆಸ್ಟೆರಾಲಿಗೆ ಹೋದರೆ ಇತರ ಕವಲುಗಳು ಜೆರನೈಲ್‌ಜೆರನಿಯಾಲ್ ಮೊದಲಾದ ವಸ್ತುಗಳಿಗೆ ಹೋಗುತ್ತವೆ. ಇವು ಜೀವಕೋಶದೊಳಗಿನ ಅನೇಕ ಪ್ರೋಟೀನುಗಳನ್ನು ಪೊರೆಗೆ ಅಂಟಿಸಿ ಕೆಲಸಕ್ಕೆ ಹಚ್ಚುತ್ತವೆ. ಸ್ಟ್ಯಾಟಿನ್ ತೂಬನ್ನು ಇಳಿಸಿದಾಗ ಕುಗ್ಗುವುದು ಕೊಲೆಸ್ಟೆರಾಲ್ ಒಂದೇ ಅಲ್ಲ.

ಪ್ರಾಣಿಯ ಜ್ಞಾಪಕವನ್ನು ಅಳೆಯುವ ಬಗೆ

ಇಲಿಯನ್ನು ಕರೆದು ನಿನಗೆ ನೆನಪಿದೆಯೇ ಎಂದು ಕೇಳುವಂತಿಲ್ಲ. ಅದರ ನಡವಳಿಕೆಯಿಂದ ಊಹಿಸಬೇಕು. ೧೯೮೧ರಲ್ಲಿ ರಿಚರ್ಡ್ ಮಾರಿಸ್ ವರ್ಣಿಸಿದ ನೀರಿನ ಕೊಳ ಇದಕ್ಕೆ ಪ್ರಸಿದ್ಧವಾದ ಸಾಧನ. ದುಂಡಗಿನ ತೊಟ್ಟಿಯಲ್ಲಿ ಬೆಳ್ಳಗೆ ಕದಡಿದ ನೀರು. ನೀರಿನ ಮಟ್ಟದ ಕೆಳಗೆ ಕಣ್ಣಿಗೆ ಕಾಣದ ಒಂದು ಚಿಕ್ಕ ಜಗಲಿ. ಇಲಿ ಈಜಿ ಆ ಜಗಲಿಯನ್ನು ಕಂಡುಕೊಳ್ಳಬೇಕು. ದಿನದಿನವೂ ಕೋಣೆಯ ಗುರುತುಗಳನ್ನು ನೋಡಿ ಅದು ದಾರಿಯನ್ನು ಕಲಿಯುತ್ತದೆ. ಕೆಲವು ದಿನಗಳ ಮೇಲೆ ಜಗಲಿಯನ್ನು ತೆಗೆದುಹಾಕಿ, ಅದು ಇದ್ದ ಸ್ಥಳದಲ್ಲಿ ಇಲಿ ಎಷ್ಟು ಹೊತ್ತು ಹುಡುಕಾಡುವುದೆಂದು ನೋಡುತ್ತಾರೆ. ಮಿದುಳಿನಲ್ಲಿ ಹಿಪ್ಪೊಕ್ಯಾಂಪಸ್ ಎಂಬ ಭಾಗ ಕೆಟ್ಟರೆ ಈ ಸಾಮರ್ಥ್ಯ ಕುಗ್ಗುತ್ತದೆ. ಮುಪ್ಪಿನಲ್ಲಿಯೂ ಹಾಗೆಯೇ. ಆದರೆ ಮುದಿ ಇಲಿಯ ಕಣ್ಣೂ ಮಂದ, ಈಜೂ ನಿಧಾನ. ಆದ್ದರಿಂದ ಎಚ್ಚರಿಕೆಯುಳ್ಳ ಪ್ರಯೋಗಕಾರರು ಕಣ್ಣಿಗೆ ಕಾಣುವ ಜಗಲಿಯನ್ನಿಟ್ಟೂ ಪರೀಕ್ಷಿಸಿ, ಮರೆವನ್ನು ಕುರುಡುತನದಿಂದ ಬೇರ್ಪಡಿಸಿಕೊಳ್ಳುತ್ತಾರೆ.

ನಾಯಿಗಳಲ್ಲಿ ಬೇರೆ ಬಗೆಯ ಪರೀಕ್ಷೆ ನಡೆಯುತ್ತದೆ. ಎರಡು ವಸ್ತುಗಳಲ್ಲಿ ಒಂದರ ಕೆಳಗೆ ತಿಂಡಿಯಿದೆಯೆಂದು ಮೊದಲು ಕಲಿಸಿ, ಅನಂತರ ತಿಂಡಿಯನ್ನು ಇನ್ನೊಂದರ ಕೆಳಕ್ಕೆ ಬದಲಾಯಿಸುತ್ತಾರೆ. ಹಳೆಯ ಪಾಠವನ್ನು ಬಿಟ್ಟು ಹೊಸದನ್ನು ಹಿಡಿಯುವ ಈ ಕೆಲಸಕ್ಕೆ ವ್ಯತ್ಯಯ ಕಲಿಕೆ ಎನ್ನಬಹುದು. ಇದು ಮಿದುಳಿನ ಮುಂಭಾಗವನ್ನು ಅವಲಂಬಿಸಿದೆ. ಹೀಗೆ ಜ್ಞಾಪಕವೆಂಬುದು ಒಂದೇ ಶಕ್ತಿಯಲ್ಲ. ಒಂದು ಪರೀಕ್ಷೆಯಲ್ಲಿ ಕುಂದು ಕಂಡರೆ ಇನ್ನೊಂದರಲ್ಲಿ ಕಾಣದೆ ಇರಬಹುದು.

ಪ್ರಯೋಗಗಳು ಹೇಳುವುದೇನು?

ಮೊದಲು ಅನುಕೂಲವಾದ ಸಾಕ್ಷ್ಯವನ್ನು ನೋಡೋಣ. ಆಲ್ಜೈಮರ್ ರೋಗದಲ್ಲಿ ಮಿದುಳಿನಲ್ಲಿ ಶೇಖರವಾಗುವ ಅಮಿಲಾಯ್ಡ್ ಎಂಬ ಪ್ರೋಟೀನು ಹುಟ್ಟುವಂತೆ ವಂಶವಾಹಿಯನ್ನು ಮಾರ್ಪಡಿಸಿದ ಚಿಕ್ಕಿಲಿಗಳಿಗೆ ಸಿಮ್ವಸ್ಟ್ಯಾಟಿನ್ ಕೊಟ್ಟಾಗ ಅವುಗಳ ಕಲಿಕೆಯೂ ನೆನಪೂ ಸುಧಾರಿಸಿದುವೆಂದು ೨೦೦೬ರಲ್ಲಿ ವರದಿಯಾಯಿತು. ಅಮಿಲಾಯ್ಡಿನ ಪ್ರಮಾಣವಾದರೋ ಕಡಮೆಯಾಗಿರಲಿಲ್ಲ. ಮಾರ್ಪಡಿಸದ ಸಾಮಾನ್ಯ ಚಿಕ್ಕಿಲಿಗಳಲ್ಲಿಯೂ ಕಲಿಕೆ ಉತ್ತಮಗೊಂಡಿತ್ತು. ಎಂದಮೇಲೆ ಈ ಗುಣ ಬಂದದ್ದು ಬೇರಾವುದೋ ಮಾರ್ಗದಿಂದ ಎಂದು ತಿಳಿಯಬೇಕಾಗುತ್ತದೆ.

ಅದೇ ವರ್ಷ ಇದಕ್ಕೆ ವಿರುದ್ಧವಾದ ಸಾಕ್ಷ್ಯವೂ ಬಂದಿತು. ಕೊಲೆಸ್ಟೆರಾಲನ್ನು ಮಿದುಳಿನಿಂದ ಹೊರಹಾಕುವ ೨೪–ಹೈಡ್ರಾಕ್ಸಿಲೇಸ್ ಇಲ್ಲದಂತೆ ಬೆಳೆಸಿದ ಚಿಕ್ಕಿಲಿಗಳನ್ನು ಅಮೆರಿಕದ ಟೆಕ್ಸಾಸಿನಲ್ಲಿ ರಸೆಲ್ ಮತ್ತು ಅವರ ಸಂಗಡಿಗರು ಅಭ್ಯಸಿಸಿದರು. ವ್ಯಯ ನಿಂತುದರಿಂದ ಮಿದುಳು ಆಯವನ್ನೂ ತಾನಾಗಿಯೇ ತಗ್ಗಿಸಿಕೊಂಡಿತ್ತು. ಕೊಲೆಸ್ಟೆರಾಲಿನ ಒಟ್ಟು ಪ್ರಮಾಣ ಹೆಚ್ಚುಕಡಮೆ ಮೊದಲಿನಂತೆಯೇ ಇತ್ತು. ಆದರೂ ಆ ಪ್ರಾಣಿಗಳು ಕಲಿಕೆಯಲ್ಲಿ ಬಹಳ ಹಿಂದುಳಿದವು. ಅವುಗಳ ಹಿಪ್ಪೊಕ್ಯಾಂಪಸಿನ ತೆಳುವಾದ ಹೋಳುಗಳಲ್ಲಿ, ನೆನಪಿಗೆ ತಳಹದಿಯೆಂದು ಭಾವಿಸಲಾದ ಸಂಧಿಗಳ ಬಲವರ್ಧನೆ ಕುಗ್ಗಿತ್ತು. ಸಾಮಾನ್ಯ ಚಿಕ್ಕಿಲಿಗಳ ಹೋಳುಗಳಿಗೆ ಸ್ಟ್ಯಾಟಿನ್ ವರ್ಗದ ವಸ್ತುವನ್ನು ಸೋಕಿಸಿದಾಗಲೂ ಅದೇ ಕುಂದು ಕಂಡಿತು. ಅದನ್ನು ಸರಿಪಡಿಸಿದುದು ಕೊಲೆಸ್ಟೆರಾಲ್ ಅಲ್ಲ, ಜೆರನೈಲ್‌ಜೆರನಿಯಾಲ್! ಕಲಿಕೆಗೆ ಬೇಕಾದುದು ಕಣಜದಲ್ಲಿ ಕೂಡಿಟ್ಟ ರಾಶಿಗಿಂತಲೂ ಕಾಲುವೆಯ ಎಡೆಬಿಡದ ಹರಿವು ಎಂಬುದು ಇದರಿಂದ ಹೊರಟ ಅರ್ಥ.

ಇವೆರಡೂ ವಾರ್ಧಕ್ಯವನ್ನು ನೇರವಾಗಿ ಕುರಿತವಲ್ಲ. ಮುದಿ ಪ್ರಾಣಿಗಳನ್ನೇ ತೆಗೆದುಕೊಂಡ ಎರಡು ಅಧ್ಯಯನಗಳು ಇಲ್ಲಿ ವಿಶೇಷ ಗಮನಕ್ಕೆ ಅರ್ಹವಾಗಿವೆ. ಮೊದಲನೆಯದು ೨೦೧೦ರಲ್ಲಿ ಪ್ರಕಟವಾದ, ಬೀಗಲ್ ಜಾತಿಯ ನಾಯಿಗಳ ಅಧ್ಯಯನ. ಮುದಿ ನಾಯಿಯ ಮಿದುಳಿನಲ್ಲಿ ಮಾನವನಲ್ಲಿರುವಂಥ ಅಮಿಲಾಯ್ಡೇ ಸಹಜವಾಗಿ ಶೇಖರವಾಗುವುದರಿಂದ ಅದು ಈ ಕೆಲಸಕ್ಕೆ ಇಲಿಗಿಂತ ತಕ್ಕ ಪ್ರಾಣಿ. ದಿನಕ್ಕೆ ೮೦ ಮಿಲಿಗ್ರಾಂ ಅಟೊರ್ವಸ್ಟ್ಯಾಟಿನನ್ನು ಒಂದು ವರ್ಷಕ್ಕೂ ಮೀರಿ ಕೊಡಲಾಯಿತು. ರಕ್ತದ ಕೊಲೆಸ್ಟೆರಾಲ್ ಇಳಿಯಿತು. ಸ್ಥಳದ ನೆನಪು ಉತ್ತಮಗೊಳ್ಳಲೂ ಇಲ್ಲ, ಕೆಡಲೂ ಇಲ್ಲ. ವ್ಯತ್ಯಯ ಕಲಿಕೆಯಲ್ಲಿ ಮಾತ್ರ ಕೆಲಕಾಲ ಕುಂದು ಕಂಡು ಅನಂತರ ಮರೆಯಾಯಿತು.

ಎರಡನೆಯದು ೨೦೧೪ರಲ್ಲಿ ಡಾಟಿ ಮೊದಲಾದವರು ಪ್ರಕಟಿಸಿದುದು. ಮುಪ್ಪಡರಿದ ಚಿಕ್ಕಿಲಿಗಳ ಹಿಪ್ಪೊಕ್ಯಾಂಪಸಿನ ಪೊರೆಗಳಲ್ಲಿ ಕೊಲೆಸ್ಟೆರಾಲ್ ಹೆಚ್ಚಾಗಿರಲಿಲ್ಲ, ಕಡಮೆಯಾಗಿತ್ತು. ಹೊರಹಾಕುವ ಕಿಣ್ವವನ್ನು ವೊರಿಕೊನಜೋಲ್ ಎಂಬ ಔಷಧದಿಂದ ತಡೆದು ಆ ನಷ್ಟವನ್ನು ನಿಲ್ಲಿಸಿದಾಗ ಮುದಿ ಪ್ರಾಣಿಗಳ ಕಲಿಕೆ ಸುಧಾರಿಸಿತು. ರಕ್ತದಲ್ಲಿ ಅತಿಯಾಗಿ ಹಾನಿ ಮಾಡುವ ವಸ್ತುವೇ ಮುಪ್ಪಿನ ನರಕೋಶದಲ್ಲಿ ಕೊರತೆಯಾಗಿ ಹಾನಿ ಮಾಡಬಹುದೆಂಬುದು ಇದರ ತಾತ್ಪರ್ಯ.

ಭೇದಕ್ಕೆ ಕಾರಣಗಳು

ಈ ಫಲಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಮೊದಲು ಗೊಂದಲವೇ ಕಾಣುವುದು. ಕಾರಣಗಳನ್ನು ಬಿಡಿಸಿದರೆ ಗೊಂದಲ ಬಹಳಮಟ್ಟಿಗೆ ಕಳೆಯುತ್ತದೆ.

ಮೊದಲನೆಯದಾಗಿ, ಪ್ರಾಣಿಭೇದ. ಇಲಿ, ಮೊಲ, ಕೋಳಿ, ನಾಯಿಗಳ ಯಕೃತ್ತುಗಳು ಈ ವಿಷಯದಲ್ಲಿ ಎಷ್ಟು ಭಿನ್ನವೆಂಬುದನ್ನು ಆಗಲೇ ಕಂಡೆವು. ಎರಡನೆಯದಾಗಿ, ಪ್ರಮಾಣ. ಅರುವತ್ತು ಕಿಲೋಗ್ರಾಂ ತೂಗುವ ಮನುಷ್ಯನು ೪೦ ಮಿಲಿಗ್ರಾಂ ಮಾತ್ರೆಯನ್ನು ನುಂಗಿದರೆ ತೂಕದ ಕಿಲೋಗ್ರಾಮಿಗೆ ಒಂದು ಮಿಲಿಗ್ರಾಮೂ ಆಗುವುದಿಲ್ಲ. ಇಲಿಗಳಿಗೆ ಅನೇಕ ವೇಳೆ ಕಿಲೋಗ್ರಾಮಿಗೆ ಹತ್ತು ಮಿಲಿಗ್ರಾಂ, ಅದಕ್ಕೂ ಮಿಗಿಲಾಗಿ ಕೊಡುತ್ತಾರೆ. ಸಣ್ಣ ಪ್ರಾಣಿಯ ದೇಹ ಔಷಧವನ್ನು ಬೇಗ ಅರಗಿಸುವುದರಿಂದ ಇದರಲ್ಲಿ ಸ್ವಲ್ಪ ನ್ಯಾಯವಿದೆಯಾದರೂ ಎರಡನ್ನೂ ಸಮವೆಂದು ಎಣಿಸಲಾಗದು. ಮೂರನೆಯದಾಗಿ, ಕಾಲ. ಹೋಳಿಗೆ ಕೆಲವು ಗಂಟೆ ಔಷಧವನ್ನು ಸೋಕಿಸುವುದೂ, ಪ್ರಾಣಿಗೆ ತಿಂಗಳುಗಟ್ಟಲೆ ಉಣಿಸುವುದೂ ಒಂದೇ ಅಲ್ಲ. ನಾಲ್ಕನೆಯದಾಗಿ, ವಯಸ್ಸು. ಚಿಕ್ಕಿಲಿಯ ಆಯುಷ್ಯ ಎರಡು ಮೂರು ವರ್ಷ. ಆರು ತಿಂಗಳ ಪ್ರಾಣಿಯಲ್ಲಿ ಕಂಡುದನ್ನು ಎರಡು ವರ್ಷದ ಮುದಿ ಪ್ರಾಣಿಗೆ ಅನ್ವಯಿಸುವುದು, ತರುಣನ ನಾಡಿಯನ್ನು ಹಿಡಿದು ಅಜ್ಜನಿಗೆ ಮದ್ದು ಕೊಟ್ಟಂತೆ.

ಐದನೆಯದಾಗಿ, ಔಷಧದ ಗುಣ. ಕೊಬ್ಬಿನಲ್ಲಿ ಕರಗುವ ಸ್ಟ್ಯಾಟಿನ್‌ಗಳೇ ಮಿದುಳಿಗೆ ತೊಂದರೆ ಕೊಡುವುವೆಂದು ಊಹಿಸುವುದು ಸಹಜ. ಆದರೆ ಇಂಗ್ಲೆಂಡಿನಲ್ಲಿ ನಡೆದು ೨೦೧೩ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಇಲಿಗಳ ಕಲಿಕೆಯನ್ನು ಕುಂದಿಸಿದುದು ನೀರಿನಲ್ಲಿ ಕರಗುವ ಪ್ರವಸ್ಟ್ಯಾಟಿನ್, ಕುಂದಿಸದಿದ್ದುದು ಅಟೊರ್ವಸ್ಟ್ಯಾಟಿನ್. ಔಷಧವನ್ನು ನಿಲ್ಲಿಸಿದ ಮೇಲೆ ಆ ಕುಂದೂ ಮಾಯವಾಯಿತು. ಸರಳವಾದ ತರ್ಕ ಪ್ರಯೋಗದ ಮುಂದೆ ನಿಲ್ಲದಿರುವುದಕ್ಕೆ ಇದು ಒಳ್ಳೆಯ ನಿದರ್ಶನ.

ಮನುಷ್ಯರಲ್ಲಿ ಕಂಡುದು

ಪ್ರಾಣಿಗಳಿಂದ ನಿರ್ಣಯವಾಗದುದನ್ನು ಮನುಷ್ಯರಲ್ಲಿಯೇ ನೋಡಬೇಕು. ೨೦೦೦ದಲ್ಲಿ ಪ್ರಕಟವಾದ ಎರಡು ಅವಲೋಕನಗಳು ಸ್ಟ್ಯಾಟಿನ್ ಸೇವಿಸುವವರಲ್ಲಿ ಮರೆವಿನ ರೋಗ ಬಹಳ ಕಡಮೆಯೆಂದು ಹೇಳಿ ದೊಡ್ಡ ಆಸೆಯನ್ನು ಹುಟ್ಟಿಸಿದವು. ಆದರೆ ಅವಲೋಕನದಲ್ಲಿ ಒಂದು ಮೋಸವಿದೆ: ತಮ್ಮ ಆರೋಗ್ಯವನ್ನು ಎಚ್ಚರದಿಂದ ನೋಡಿಕೊಳ್ಳುವವರೇ ವೈದ್ಯರ ಬಳಿಗೆ ಹೋಗಿ ಔಷಧವನ್ನು ಪಡೆಯುತ್ತಾರೆ, ಮರೆವು ಆರಂಭವಾದವರಿಗೆ ಇಂಥ ಔಷಧವನ್ನು ಬರೆದುಕೊಡುವುದು ಕಡಮೆ. ಈ ಮೋಸವನ್ನು ತಪ್ಪಿಸುವ ಮಾರ್ಗವೆಂದರೆ, ಜನರನ್ನು ಚೀಟಿಯೆತ್ತಿದಂತೆ ಎರಡು ಗುಂಪು ಮಾಡಿ ಒಂದಕ್ಕೆ ಔಷಧವನ್ನೂ ಇನ್ನೊಂದಕ್ಕೆ ಅದರಂತೆಯೇ ತೋರುವ ಬರಿಯ ಮಾತ್ರೆಯನ್ನೂ ಕೊಡುವುದು.

ಹಾಗೆ ನಡೆದ ಎರಡು ದೊಡ್ಡ ಪರೀಕ್ಷೆಗಳ ಫಲ ೨೦೦೨ರಲ್ಲಿ ಹೊರಬಂದಿತು. ಒಂದರಲ್ಲಿ ೭೦ರಿಂದ ೮೨ ವಯಸ್ಸಿನ ೫,೮೦೪ ಮಂದಿ ಪ್ರವಸ್ಟ್ಯಾಟಿನ್ ಅಥವಾ ಬರಿಯ ಮಾತ್ರೆಯನ್ನು ಮೂರು ವರ್ಷಕ್ಕೂ ಹೆಚ್ಚು ಕಾಲ ಸೇವಿಸಿದರು. ಇನ್ನೊಂದರಲ್ಲಿ ೨೦,೫೩೬ ಮಂದಿ ಸಿಮ್ವಸ್ಟ್ಯಾಟಿನ್ ಅಥವಾ ಬರಿಯ ಮಾತ್ರೆಯನ್ನು ಸುಮಾರು ಐದು ವರ್ಷ ಸೇವಿಸಿದರು. ಔಷಧವನ್ನು ಪಡೆದವರಲ್ಲಿ ಹೃದಯದ ಅಪಘಾತಗಳು ಕಡಮೆಯಾದವು. ಜ್ಞಾಪಕ ಮತ್ತು ಬುದ್ಧಿಯ ಪರೀಕ್ಷೆಗಳಲ್ಲಿ ಮಾತ್ರ ಎರಡು ಗುಂಪುಗಳಿಗೂ ವ್ಯತ್ಯಾಸ ಕಾಣಲಿಲ್ಲ. ಈಗಾಗಲೇ ಆಲ್ಜೈಮರ್ ರೋಗ ಹತ್ತಿದವರಿಗೆ ಅಟೊರ್ವಸ್ಟ್ಯಾಟಿನ್ ಕೊಟ್ಟು ನೋಡಿದ ಪರೀಕ್ಷೆಯೂ ೨೦೧೦ರಲ್ಲಿ ಪ್ರಯೋಜನವಿಲ್ಲವೆಂದೇ ತೋರಿಸಿತು.

ಮರೆವಿನ ಭಯ ಪ್ರಬಲವಾದುದು ೨೦೧೨ರಲ್ಲಿ. ಸ್ಟ್ಯಾಟಿನ್ ಸೇವಿಸುವ ಕೆಲವರಲ್ಲಿ ಮರೆವೂ ಗಲಿಬಿಲಿಯೂ ಕಂಡುಬಂದ ವರದಿಗಳಿವೆಯೆಂಬ ಸೂಚನೆಯನ್ನು ಔಷಧದ ವಿವರಣಪತ್ರದಲ್ಲಿ ಸೇರಿಸುವಂತೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಆ ವರ್ಷ ಆದೇಶವಿತ್ತಿತು. ಅವು ಸಾಮಾನ್ಯವಾಗಿ ಗಂಭೀರವಲ್ಲದವು, ಔಷಧವನ್ನು ನಿಲ್ಲಿಸಿದರೆ ಹೋಗುವಂಥವು ಎಂದು ಅದೇ ಸೂಚನೆ ಹೇಳಿದ್ದಿತು. ಜನರ ಕಿವಿಗೆ ಬಿದ್ದುದು ಮೊದಲ ಅರ್ಧ ಮಾತ್ರ. ಕೊಲೆಸ್ಟೆರಾಲನ್ನು ಬಹು ಕೆಳಗಿನ ಮಟ್ಟಕ್ಕೆ ಇಳಿಸುವುದೇ ಮಿದುಳಿಗೆ ಕೆಡುಕೇ ಎಂಬ ಪ್ರಶ್ನೆಗೆ ೨೦೧೭ರಲ್ಲಿ ಇನ್ನೊಂದು ಬಗೆಯ ಉತ್ತರ ಬಂದಿತು. ಇವೊಲೊಕುಮ್ಯಾಬ್ ಎಂಬುದು ಚುಚ್ಚುಮದ್ದಾಗಿ ಕೊಡುವ, ಮಿದುಳಿನ ತಡೆಯನ್ನು ದಾಟಲಾರದಷ್ಟು ದೊಡ್ಡ ಅಣು. ಸ್ಟ್ಯಾಟಿನ್ ಜೊತೆಗೆ ಅದನ್ನೂ ಕೊಟ್ಟು ರಕ್ತದ ಕೊಲೆಸ್ಟೆರಾಲನ್ನು ಬಹಳ ಇಳಿಸಿ, ೧,೨೦೪ ರೋಗಿಗಳ ಜ್ಞಾಪಕವನ್ನು ಸರಾಸರಿ ಹತ್ತೊಂಬತ್ತು ತಿಂಗಳು ಅಳೆದು ನೋಡಲಾಯಿತು. ಬರಿಯ ಚುಚ್ಚುಮದ್ದು ಪಡೆದವರಿಗೂ ಇವರಿಗೂ ವ್ಯತ್ಯಾಸವಿರಲಿಲ್ಲ. ಎರಡು ಕಣಜಗಳ ಮಾತಿಗೆ ಇದೊಂದು ಬೆಂಬಲ.

ಉಪಸಂಹಾರ

ಮೇಲಿನ ವಿವೇಚನೆಯಿಂದ ನಾವು ಎರಡು ಬಗೆಯ ಪ್ರಶ್ನೆಗಳನ್ನು ಬೇರ್ಪಡಿಸಬೇಕೆಂಬುದು ವಿಶದವಾಗುತ್ತದೆ. ಈ ಔಷಧ ನರಕೋಶದಲ್ಲಿ ಏನು ಮಾಡಬಲ್ಲುದು ಎಂಬುದು ಒಂದು ಪ್ರಶ್ನೆ. ಇದಕ್ಕೆ ಪ್ರಾಣಿಗಳೇ ಉತ್ತರ ಕೊಡಬೇಕು, ಕೊಡುತ್ತಲೂ ಇವೆ. ಮಿದುಳಿನ ಕಣಜಕ್ಕೆ ತನ್ನದೇ ಆಯವ್ಯಯವಿದೆ, ಕಲಿಕೆಗೆ ಹರಿವು ಬೇಕು, ಮುಪ್ಪಿನಲ್ಲಿ ಕೊರತೆಯೂ ಬರಬಹುದು ಎಂಬುದೆಲ್ಲ ಅವುಗಳಿಂದ ತಿಳಿದುದು. ವೈದ್ಯರು ಬರೆದುಕೊಟ್ಟ ಪ್ರಮಾಣದಲ್ಲಿ ಇದನ್ನು ಸೇವಿಸುವ ವೃದ್ಧರಿಗೆ ಮರೆವು ಬರುವುದೇ ಎಂಬುದು ಬೇರೊಂದು ಪ್ರಶ್ನೆ. ಅದಕ್ಕೆ ಉತ್ತರ ವೃದ್ಧರ ನಡುವೆಯೇ ನಡೆದ ಪರೀಕ್ಷೆಗಳಲ್ಲಿದೆ. ಅಲ್ಲಿ ಈವರೆಗೆ ಕಂಡುದು, ಸರಾಸರಿಯಲ್ಲಿ ಜ್ಞಾಪಕಕ್ಕೆ ಕೇಡೂ ಇಲ್ಲ, ಲಾಭವೂ ಇಲ್ಲ ಎಂಬುದು. ಆ ಪರೀಕ್ಷೆಗಳು ಕೆಲವೇ ವರ್ಷಗಳ ಅವಧಿಯವು ಎಂಬುದನ್ನೂ ಮರೆಯಬಾರದು. ಸರಾಸರಿಯ ಮಾತು ಪ್ರತಿಯೊಬ್ಬನಿಗೂ ಅನ್ವಯಿಸಲೇಬೇಕೆಂದಿಲ್ಲ. ಔಷಧ ಹಿಡಿದ ಮೇಲೆ ಮರೆವು ಕಂಡವರು ಅದನ್ನು ತಾವಾಗಿಯೇ ಬಿಡದೆ ವೈದ್ಯರಿಗೆ ತಿಳಿಸಿ, ಅವರ ಕಣ್ಣೆದುರಿನಲ್ಲಿ ಬದಲಿಸಿ ನೋಡುವುದು ಯುಕ್ತವಾದ ಮಾರ್ಗ.

ಶರೀರವಿಜ್ಞಾನವನ್ನು ಬೋಧಿಸುವ ಅಧ್ಯಾಪಕರಿಗೆ ಈ ವಿಷಯ ತರಗತಿಯಲ್ಲಿ ಬಹಳ ಉಪಯುಕ್ತವಾದುದು. ಪತ್ರಿಕೆಯಲ್ಲಿ ಇಲಿಯ ಪ್ರಯೋಗದ ಸುದ್ದಿ ಬಂದಾಗ ವಿದ್ಯಾರ್ಥಿಗಳಿಂದ ನಾಲ್ಕು ಪ್ರಶ್ನೆಗಳನ್ನು ಕೇಳಿಸಬೇಕು: ಯಾವ ಪ್ರಾಣಿ, ಎಷ್ಟು ವಯಸ್ಸು, ಎಷ್ಟು ಔಷಧ, ಯಾವ ಪರೀಕ್ಷೆ? ಈ ನಾಲ್ಕಕ್ಕೂ ಉತ್ತರ ದೊರೆತ ಮೇಲೆ ಸುದ್ದಿಯ ತಲೆಬರಹವನ್ನು ಮತ್ತೊಮ್ಮೆ ಓದಿಸಿದರೆ, ಅದು ಎಷ್ಟು ನಿಜ, ಎಷ್ಟು ಅತ್ಯುಕ್ತಿ ಎಂಬುದು ಅವರಿಗೇ ಗೋಚರವಾಗುವುದು.